ಕಟ್‌ಆಫ್ 0.5 ಅಂತ ಯಾರು ಹೇಳಿದ್ದು?

ಪ್ರಶ್ನೆ: ಕಾಫಿ ಗಿಡಗಳನ್ನು 'ಕಾಂಡಕೊರಕ ಇದೆ', 'ಇಲ್ಲ' ಎಂದು ವಿಂಗಡಿಸಲು ಲಾಜಿಸ್ಟಿಕ್ ರಿಗ್ರೆಷನ್ ಮಾಡಿದ್ದೇನೆ. ಕಟ್‌ಆಫ್ 0.5 ಇಟ್ಟರೆ ಸರಿ ಅಲ್ವಾ ಸರ್?
– ಮೂಡಿಗೆರೆಯ ವಿದ್ಯಾರ್ಥಿನಿ

ಉತ್ತರ: ಹಾಸನದಲ್ಲಿ ಪಾಠ ಮಾಡುವ ನನಗೆ ಪ್ರಾಜೆಕ್ಟ್ ಸಮಯ ಬಂತೆಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಬೆಳೆ ಬೇರೆ, ರೋಗ ಬೇರೆ, 0.5 ಮಾತ್ರ ಅದೇ. ಸರಿ ಅಲ್ಲಮ್ಮ.

ಲಾಜಿಸ್ಟಿಕ್ ರಿಗ್ರೆಷನ್ ಪ್ರತಿ ಗಿಡಕ್ಕೂ ಹುಳ ಇರುವ ಸಂಭವನೀಯತೆಯನ್ನು 0 ಮತ್ತು 1ರ ನಡುವಿನ ಅಂಕಿಯಾಗಿ ಕೊಡುತ್ತದೆ. ಅದು ಎಷ್ಟು ದಾಟಿದರೆ 'ಇದೆ' ಅನ್ನಬೇಕು ಎಂಬ ಗೆರೆಯೇ ಕಟ್‌ಆಫ್. 0.5 ಅನ್ನುವುದು ಸಾಫ್ಟ್‌ವೇರ್ ತಾನಾಗಿ ಹಾಕಿಕೊಳ್ಳುವ ಅಂಕಿ. ಎರಡು ಬಗೆಯ ತಪ್ಪಿಗೂ ನಷ್ಟ ಒಂದೇ ಆಗಿದ್ದರೆ ಅದು ಸರಿ. ನಿಮ್ಮ ತೋಟದಲ್ಲಿ ಒಂದೇನಾ? ಹುಳ ಹೊಕ್ಕ ಗಿಡವನ್ನು ಬಿಟ್ಟರೆ, ಅದರಿಂದ ಹೊರಬಂದ ದುಂಬಿ ಅಕ್ಕಪಕ್ಕದ ಅರೇಬಿಕಾ ಗಿಡಗಳಲ್ಲಿ ಮೊಟ್ಟೆ ಇಡುತ್ತದೆ. ಚೆನ್ನಾಗಿರುವ ಗಿಡವನ್ನು ತಪ್ಪಿ ಕಿತ್ತು ಸುಟ್ಟರೆ ಹೋಗುವುದು ಅದೊಂದೇ. ಹೊಸ ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಕಾಯಬೇಕು, ಅದೂ ನಷ್ಟವೇ. ಬಿಟ್ಟದ್ದರ ನಷ್ಟ ಕಿತ್ತದ್ದರ ನಾಲ್ಕು ಪಟ್ಟು ಅಂತಿಟ್ಟುಕೊಳ್ಳಿ. ಆಗ ಕಟ್‌ಆಫ್ 1/(1+4), ಅಂದರೆ 0.2. ಮಾಡೆಲ್ ಕೊಡುವ ಸಂಭವನೀಯತೆ ನಂಬುವ ಹಾಗಿದ್ದರೆ ಇಷ್ಟೇ ಸೂತ್ರ.

'ಆದರೆ 0.5ಕ್ಕೆ ಅಕ್ಯುರಸಿ ಜಾಸ್ತಿ ಬರುತ್ತೆ ಸರ್!' ಬರುತ್ತದೆ. ಅಕ್ಯುರಸಿ ಅಂದರೆ ನೂರು ಗಿಡಕ್ಕೆ ಎಷ್ಟನ್ನು ಸರಿಯಾಗಿ ಗುರುತಿಸಿದಿರಿ ಅನ್ನುವುದಷ್ಟೇ. ತೊಂದರೆ ಇರುವುದೇ ಅಲ್ಲಿ. ಸುಮ್ನೆ ಒಂದು ಲೆಕ್ಕ ಹಾಕೋಣ. 1000 ಗಿಡ, ಹುಳ ಇರುವುದು 50ರಲ್ಲಿ. 0.5 ಇಟ್ಟಾಗ ಹುಳದ ಗಿಡ 20 ಸಿಕ್ಕವು, ಒಳ್ಳೆಯ ಗಿಡ 10 ಹೋದವು ಎನ್ನಿ. ತಪ್ಪು 40, ಅಕ್ಯುರಸಿ ಶೇ. 96. 0.2 ಇಟ್ಟಾಗ 40 ಸಿಕ್ಕವು, ಒಳ್ಳೆಯವು 60 ಹೋದವು. ತಪ್ಪು 70, ಅಕ್ಯುರಸಿ ಶೇ. 93. ಈಗ ನಷ್ಟ ನೋಡಿ. ಮೊದಲನೆಯದರಲ್ಲಿ ತಪ್ಪಿಸಿಕೊಂಡ 30ಕ್ಕೆ ನಾಲ್ಕರಂತೆ 120, ಜೊತೆಗೆ 10, ಒಟ್ಟು 130. ಎರಡನೆಯದರಲ್ಲಿ 40 ಮತ್ತು 60, ಒಟ್ಟು 100. ಅಕ್ಯುರಸಿ ಇಳಿಯಿತು, ನಷ್ಟವೂ ಇಳಿಯಿತು! ಮಾಡೆಲ್ಲೇ ಬೇಡ, ಕಣ್ಣು ಮುಚ್ಚಿಕೊಂಡು 'ಎಲ್ಲ ಗಿಡವೂ ಚೆನ್ನಾಗಿದೆ' ಅಂದುಬಿಟ್ಟರೂ ಶೇ. 95 ಅಕ್ಯುರಸಿ ಬರುತ್ತದೆ. ಅದಕ್ಕೆ ಅಂಕ ಕೊಡಲೇ?

'ಎರಡು ಗುಂಪಿನ ಸರಾಸರಿಯ ನಟ್ಟನಡುವೆ ಗೆರೆ ಎಳೆಯಿರಿ' ಅನ್ನುವವರೂ ಇದ್ದಾರೆ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಎರಡು ಗುಂಪು ಬೇರ್ಪಡಿಸಲು 1936ರಲ್ಲಿ ಕೊಟ್ಟ ವಿಧಾನದ ಜೊತೆ ಬಂದ ಅಭ್ಯಾಸ ಅದು. ಗುಂಪುಗಳ ಗಾತ್ರ, ಹರಡಿಕೆ, ನಷ್ಟ ಮೂರೂ ಸಮ ಇದ್ದರೆ ನಡೆಯುತ್ತದೆ. 50ಕ್ಕೆ 950 ಸಮವೇ?

ಫಿಶರ್ ಅಂದಾಗ ನಮ್ಮ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ನೆನಪಾಗುತ್ತಾರೆ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದವರು, ಕೇಂಬ್ರಿಜ್‌ನಲ್ಲಿ ಫಿಶರ್ ಬಳಿಯೇ ಪಿಎಚ್‌ಡಿ ಮಾಡಿದವರು. ಎರಡು ಗುಂಪಿನ ಆ ವಿಧಾನವನ್ನು 1948ರಲ್ಲಿ ಹಲವು ಗುಂಪುಗಳಿಗೆ ವಿಸ್ತರಿಸಿದರು. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ನಿಮಗೂ ಎರಡೇ ಗುಂಪು ಯಾಕೆ? 0.1ಕ್ಕಿಂತ ಕಡಿಮೆ ಬಂದರೆ ಬಿಡಿ, 0.5 ದಾಟಿದರೆ ಕೀಳಿ. ನಡುವಿನವು ಅನುಮಾನದ ಗಿಡಗಳು. ಅವಕ್ಕೆ ದಾರ ಕಟ್ಟಿ, ಅನುಭವ ಇರುವವರೊಬ್ಬರ ಕೈಯಲ್ಲಿ ಕಾಂಡದ ಉಬ್ಬುಗೆರೆ ಮುಟ್ಟಿಸಿ ನೋಡಿ. ಈ 0.1, 0.5 ಕೂಡ ಉದಾಹರಣೆಗೆ ಹೇಳಿದ್ದು, ಹಾಗೇ ಇಳಿಸಿಕೊಳ್ಳಬೇಡಿ. ಏಪ್ರಿಲ್‌ನಲ್ಲಿ ದುಂಬಿ ಹಾರಲು ಶುರುವಾಗುವ ಮೊದಲೇ ಈ ಕೆಲಸ ಮುಗಿಸಿ.