ಸಂಜೆಯಾದರೆ ನಾಲಿಗೆ ಹೊರಳಲ್ಲ, ಜನ ಕುಡಿದಿದ್ದಾನೆ ಅಂತಾರೆ

ಪ್ರಶ್ನೆ: ಟೀಚರ್, ನನಗೆ 41 ವರ್ಷ. ಸೋಮವಾರಪೇಟೆ ಕಡೆ ಸ್ವಲ್ಪ ಕಾಫಿ ತೋಟ ಇದೆ. ಆರು ವರ್ಷದ ಹಿಂದೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಅನ್ನೋ ನರದ ಕಾಯಿಲೆ ಅಂತ ಗೊತ್ತಾಯಿತು. ಕಾಲಿನ ತೊಂದರೆ ಹೇಗೋ ಸುಧಾರಿಸಿಕೊಂಡೆ. ಈಗ ಒಂದು ವರ್ಷದಿಂದ ಮಾತಿನ ತೊಂದರೆ. ಬೆಳಿಗ್ಗೆ ಸರಿ ಇರುತ್ತೆ, ಸಂಜೆ ಆದ್ರೆ ತೊದಲುತ್ತೆ. ಅಂಗಡಿಯಲ್ಲಿ ಜನ ಕುಡಿದಿದ್ದಾನೆ ಅಂದ್ಕೊಳ್ತಾರೆ. ನಾನು ಕುಡಿಯೋದೇ ಇಲ್ಲ. ಡಿಸೆಂಬರ್‌ನಲ್ಲಿ ಅಣ್ಣನ ಮಗಳ ಮದುವೆ, ಹೋಗೋದೇ ಬೇಡ ಅನ್ನಿಸಿಬಿಟ್ಟಿದೆ. ಇದಕ್ಕೆ ಏನಾದ್ರೂ ದಾರಿ ಇದೆಯಾ?

ಇದೆ. ಮದುವೆಗೂ ಹೋಗಿ, ಅದನ್ನು ಕೊನೆಗೆ ಹೇಳುತ್ತೇನೆ.

ನಾನೂ ಎಂಎಸ್ ಇರುವವಳೇ, ಹನ್ನೆರಡು ವರ್ಷ ಆಯಿತು. ಕಾಲು ಕೈಕೊಟ್ಟಾಗ ಕುರ್ಚಿಯಲ್ಲಿ ಕೂತು ಪಾಠ ಮಾಡಿದೆ. ಮಾತೇ ಕೈಕೊಟ್ಟರೆ ಟೀಚರ್ ಏನು ಮಾಡಬೇಕು ಹೇಳಿ? ಒಂದು ದಿನ ಕೊನೆಯ ಪೀರಿಯಡ್‌ನಲ್ಲಿ ನಾನು ‘ಗುಣಾಕಾರ’ ಅಂದದ್ದು ಬಾಯಿಂದ ಬೇರೆ ಏನೋ ಆಗಿ ಬಂತು, ಮಕ್ಕಳು ನಕ್ಕರು. ಮಕ್ಕಳು ನಕ್ಕಿದ್ದಕ್ಕೆ ಬೇಜಾರಾಗಲಿಲ್ಲ. ಆಮೇಲೆ ದೊಡ್ಡವರೊಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರಲ್ಲ, ಅದಕ್ಕೆ ಆಯಿತು.

ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಮಿದುಳಿನಿಂದ ನಾಲಿಗೆಗೆ, ತುಟಿಗೆ, ಗಂಟಲಿಗೆ, ಉಸಿರಾಟದ ಸ್ನಾಯುಗಳಿಗೆ ಅಪ್ಪಣೆ ಹೋಗುವ ದಾರಿ ಕೆಟ್ಟಿದೆ, ಅಷ್ಟೇ. ಮಿದುಳು ಮತ್ತು ಬೆನ್ನುಹುರಿಯ ನರಗಳಿಗೆ ಮೈಲಿನ್ ಅನ್ನುವ ಹೊದಿಕೆ ಇರುತ್ತದೆ. ಎಂಎಸ್‌ನಲ್ಲಿ ನಮ್ಮ ದೇಹದ ಕಾವಲಿನ ವ್ಯವಸ್ಥೆಯೇ ಅದನ್ನು ಅಲ್ಲಲ್ಲಿ ಹಾಳು ಮಾಡುತ್ತದೆ. ಹೂಮಳೆ ಬಾರದ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಇಡುತ್ತೀರಲ್ವಾ? ಪೈಪಿನ ಜಾಯಿಂಟ್‌ಗಳು ಸೋರುತ್ತಿದ್ದರೆ ಮೋಟಾರು ಸರಿ ಇದ್ದರೂ, ಜೆಟ್ ಸರಿ ಇದ್ದರೂ ಕೊನೆಯ ಜೆಟ್‌ಗೆ ಪ್ರೆಶರ್ ಸಿಗಲ್ಲ, ಸುಮ್ನೆ ಪಿಚಕ್ ಪಿಚಕ್ ಅನ್ನುತ್ತದೆ. ಇದೂ ಹಾಗೇ.

ಸೋರಿಕೆ ಎಲ್ಲಿದೆ ಅನ್ನುವುದರ ಮೇಲೆ ಮಾತಿನ ರೀತಿ ಬೇರೆಯಾಗುತ್ತದೆ. ಚಿಕ್ಕಮಿದುಳಿನಲ್ಲಿ ಆದರೆ ಒಂದನೇ ಕ್ಲಾಸಿನ ಮಗು ಅಕ್ಷರ ಕೂಡಿಸಿ ಓದಿದ ಹಾಗೆ ಮಾತು ತುಂಡು ತುಂಡಾಗಿ ಬರುತ್ತದೆ. 1868ರಲ್ಲೇ ಪ್ಯಾರಿಸ್‌ನ ವೈದ್ಯ ಶಾರ್ಕೋ ಈ ತುಂಡು ಮಾತನ್ನು ಎಂಎಸ್‌ನ ಗುರುತುಗಳಲ್ಲಿ ಒಂದು ಅಂತ ಹೇಳಿದ್ದರು. ಕೆಲವರ ದನಿ ಕ್ಷೀಣವಾಗುತ್ತದೆ, ಕೆಲವರದು ಮೂಗಿನಲ್ಲಿ ಬರುತ್ತದೆ, ಸ್ನಾಯು ಬಿಗಿಯಾಗಿದ್ದರೆ ಗಂಟಲು ಹಿಸುಕಿದ ಹಾಗೆ ಕೇಳುತ್ತದೆ. ಡಾಕ್ಟರುಗಳು ಇದಕ್ಕೆ ಡಿಸಾರ್ಥ್ರಿಯಾ ಅನ್ನುತ್ತಾರೆ. ಎಂಎಸ್ ಇರುವ ನೂರು ಜನರಲ್ಲಿ ಅಂದಾಜು 40ರಿಂದ 50 ಜನಕ್ಕೆ ಒಂದಲ್ಲ ಒಂದು ಹೊತ್ತಿನಲ್ಲಿ ಇದು ಕಾಡುತ್ತದೆ. ಪದವೇ ನೆನಪಿಗೆ ಬಾರದೆ ತಡಕಾಡುವುದು ಬೇರೆ ಸಮಸ್ಯೆ. ಅದಕ್ಕೆ ಬೇರೆ ಅಭ್ಯಾಸ ಬೇಕು, ಹಾಗಾಗಿ ನಿಮ್ಮದು ಯಾವುದು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಇನ್ನು ಸಂಜೆಯ ವಿಷಯ. ಸುಸ್ತಾದಾಗ ಸೋರುವ ಪೈಪು ಇನ್ನೂ ಸೋರುತ್ತದೆ, ಅದು ಒಂದು. ಎರಡನೆಯದು ಬಿಸಿ. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಕೆಲವರಿಗೆ ಲಕ್ಷಣಗಳು ಜಾಸ್ತಿಯಾಗುತ್ತವೆ. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲಿ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಬಂದಿದೆ. ಕೊಡಗಿನಲ್ಲಿ ಎಲ್ಲಿಯ ಬಿಸಿ ಅಂತ ಕೇಳಬಹುದು. ಬಚ್ಚಲುಮನೆಯ ಹಂಡೆ! ದಿನವಿಡೀ ತೋಟದಲ್ಲಿ ನೆನೆದು ಬಂದು, ಸುಡುಸುಡು ನೀರು ಹೊಯ್ದುಕೊಂಡು, ಒಲೆ ಪಕ್ಕ ಕೂತರೆ ಯಾರಿಗೆ ಬೇಡ ಹೇಳಿ, ಆದರೆ ನನಗೆ ಅರ್ಧ ಗಂಟೆ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಉಗುರುಬೆಚ್ಚಗಿನ ನೀರಿಗೆ ಬಂದ ಮೇಲೆ ಅದು ತುಂಬಾ ಕಡಿಮೆಯಾಯಿತು. ಮೈ ತಣ್ಣಗಾದರೆ ಮಾತು ವಾಪಸ್ ಬರುತ್ತದೆ, ಇದರಿಂದ ನರಕ್ಕೆ ಹೊಸ ಹಾನಿ ಏನೂ ಆಗಲ್ಲ. ಸ್ನಾನ ಆಗಿ ಐದು ನಿಮಿಷಕ್ಕೆ ಅಂಗಡಿಗೆ ಹೊರಡಬೇಡಿ, ಅಷ್ಟೇ.

ಕಾಯಬಾರದ ಸಂದರ್ಭಗಳೂ ಇವೆ. ಮಾತು ಇದ್ದಕ್ಕಿದ್ದ ಹಾಗೆ ಎಂದೂ ಇಲ್ಲದಷ್ಟು ಕೆಟ್ಟು 24 ಗಂಟೆ ದಾಟಿದರೆ ನಿಮ್ಮ ನ್ಯೂರಾಲಜಿಸ್ಟ್‌ಗೆ ತಿಳಿಸಿ, ಅದು ರೋಗ ಮತ್ತೆ ಕೆರಳಿದ್ದಿರಬಹುದು. ಜ್ವರ ಅಥವಾ ಮೂತ್ರದ ಸೋಂಕು ಇದ್ದರೂ ಹೀಗಾಗುತ್ತದೆ, ಮೊದಲು ಅದನ್ನು ನೋಡುತ್ತಾರೆ. ಕೆಲವು ಸೆಕೆಂಡು ತೊದಲಿ ಸರಿಹೋಗಿ, ಮತ್ತೆ ಮತ್ತೆ ದಿನಕ್ಕೆ ಹತ್ತಾರು ಸಲ ಹಾಗೇ ಆದರೆ ಅದಕ್ಕೆ ಬೇರೆ ಮಾತ್ರೆ ಇದೆ. ಕಾಲಿನ ಬಿಗಿತಕ್ಕೆ ತಗೊಳ್ಳುವ ಬ್ಯಾಕ್ಲೋಫೆನ್‌ನಂಥ ಮಾತ್ರೆಯಿಂದಲೂ ಮಾತು ಎಳೆಯಬಹುದು. ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಮುಖ ಒಂದು ಕಡೆ ವಾಲಿ, ಒಂದು ಕೈ ಸೋತು ಮಾತು ಹೋದರೆ ಎಂಎಸ್ ತಾನೇ ಅಂತ ಮನೆಯಲ್ಲಿ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ, ನಮ್ಮ ಘಟ್ಟದ ರಸ್ತೆಗಳಿಗೆ ಅದು ಏನೇನೂ ಸಾಲಲ್ಲ, ತಕ್ಷಣ ಹೊರಡಬೇಕು. ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬರುತ್ತಿದ್ದರೂ ಹೇಳಿ, ಏಕೆಂದರೆ ಮಾತಿಗೂ ನುಂಗುವುದಕ್ಕೂ ಸ್ನಾಯುಗಳು ಬಹುಪಾಲು ಒಂದೇ.

ಮಾತಿಗೆ ತರಬೇತಿ ಕೊಡುವವರು ಸ್ಪೀಚ್ ಥೆರಪಿಸ್ಟ್. ನಮಗೆ ಹತ್ತಿರ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮಕ್ಕಳಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗೇನಿಲ್ಲ, ದೊಡ್ಡವರನ್ನೂ ನೋಡುತ್ತಾರೆ. ಒಂದು ಸಲ ಹೋಗಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡುವ ಅಭ್ಯಾಸ ಬರೆಸಿಕೊಂಡು ಬಂದರೂ ಲಾಭವೇ. ನಮ್ಮ ಅತ್ತೆಯವರು ಪಾಪ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರು. ಪ್ರೀತಿಗೆ ಬೇಡ ಅನ್ನಲಾಗಲಿಲ್ಲ. ಆದರೆ ಸೋರುವುದು ಪೈಪು, ಜೆಟ್‌ಗೆ ಏನು ಹಚ್ಚಿದರೆ ಏನು?

ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ನಿಧಾನ. ಕೇಳುವುದಕ್ಕೆ ಸುಲಭ, ಮಾಡುವುದು ಕಷ್ಟ, ಏಕೆಂದರೆ ಮಾತು ಕೆಡುತ್ತಿದೆ ಅಂತ ಗೊತ್ತಾದ ತಕ್ಷಣ ಬೇಗ ಮುಗಿಸಿಬಿಡೋಣ ಅಂತ ಮನಸ್ಸು ಓಡುತ್ತದೆ, ಓಡಿದಷ್ಟೂ ಎಡವುತ್ತದೆ. ಒಂದು ಉಸಿರಿಗೆ ಮೂರು ನಾಲ್ಕು ಪದ. ‘ನಾಳೆ ಬೆಳಿಗ್ಗೆ’, ಉಸಿರು, ‘ಎಂಟು ಗಂಟೆಗೆ’, ಉಸಿರು, ‘ಕೆಲಸಕ್ಕೆ ಬನ್ನಿ’. ತೊಡೆ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾ ಹೇಳಿದರೆ ಓಟ ತಾನೇ ಕಡಿಮೆಯಾಗುತ್ತದೆ. ಪದದ ಕೊನೆ ನುಂಗಬೇಡಿ. ಕನ್ನಡದಲ್ಲಿ ಬಾಲದಲ್ಲೇ ಅರ್ಧ ಅರ್ಥ ಇರುತ್ತದೆ, ‘ಬರ್ತೀನಿ’ಗೂ ‘ಬರಲ್ಲ’ಕ್ಕೂ ಎಷ್ಟು ವ್ಯತ್ಯಾಸ ನೋಡಿ. ಒತ್ತಕ್ಷರ ಬಂದಲ್ಲಿ ಸ್ವಲ್ಪ ನಿಂತು ಒತ್ತಿ ಹೇಳಿ.

ದಿನವನ್ನೂ ಸ್ವಲ್ಪ ಹೊಂದಿಸಿಕೊಳ್ಳಿ. ಬ್ಯಾಂಕು, ಸೊಸೈಟಿ, ಕಾಫಿ ವ್ಯಾಪಾರಿ ಹತ್ತಿರ ರೇಟು ಮಾತಾಡುವುದು, ಎಲ್ಲ ಬೆಳಿಗ್ಗೆ ಇಟ್ಟುಕೊಳ್ಳಿ. ಸಂಜೆಗೆ ವಾಟ್ಸಾಪ್. ಫೋನಿನಲ್ಲಿ ಕನ್ನಡದಲ್ಲಿ ಬರೆದದ್ದನ್ನು ಅದೇ ಓದಿ ಹೇಳುವ ಸೌಲಭ್ಯ ಇದೆ, ದನಿ ರೋಬೋಟಿನ ಹಾಗೆ ಇದ್ದರೂ ಅರ್ಥ ಆಗುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಸರಿ ಇರುವವರ ಮಾತೇ ಕೇಳಿಸಲ್ಲ. ಕಿರುಚಬೇಡಿ, ಗಂಟಲು ಬೇಗ ಸೋಲುತ್ತದೆ. ಹತ್ತಿರ ಕೂತು, ಮುಖ ಕಾಣುವ ಹಾಗೆ, ಬೆಳಕಿನ ಕಡೆ ತಿರುಗಿ ಮಾತಾಡಿ. ನಾನು ಕೊನೆಯ ಮೂರು ವರ್ಷ ಪಾಠ ಮಾಡಿದ್ದು ಸೊಂಟಕ್ಕೆ ಕಟ್ಟುವ ಚಿಕ್ಕ ಸ್ಪೀಕರ್, ಕಿವಿ ಮೇಲೆ ಮೈಕ್ ಹಾಕಿಕೊಂಡು. ದನಿ ಕ್ಷೀಣವಾದವರಿಗೆ ಅದು ಒಳ್ಳೆಯದು. ಮಾತೇ ತೊದಲಿದರೆ ಮಾತ್ರ ತೊದಲನ್ನೇ ಜೋರಾಗಿ ಕೇಳಿಸುತ್ತದೆ, ಅದೂ ಗೊತ್ತಿರಲಿ.

ಈಗ ಕುಡಿದಿದ್ದಾನೆ ಅನ್ನುವ ಮಾತು. ಇದಕ್ಕೆ ನನ್ನ ಉಪಾಯ ಒಂದೇ: ಅವರು ಅಂದುಕೊಳ್ಳುವ ಮುಂಚೆ ನೀವೇ ಹೇಳಿಬಿಡಿ. ‘ನನಗೆ ನರದ ಕಾಯಿಲೆ ಇದೆ, ಮಾತು ನಿಧಾನ, ಸ್ವಲ್ಪ ತಡೆದು ಕೇಳಿ.’ ಇದನ್ನು ದಿನಾ ಬೆಳಿಗ್ಗೆ ಹೇಳಿ ಹೇಳಿ ರೂಢಿ ಮಾಡಿಕೊಳ್ಳಿ, ಆಗ ಎಂಥ ಸಂಜೆಯಲ್ಲೂ ಇದೊಂದು ಸಾಲು ಸರಿಯಾಗಿ ಬರುತ್ತದೆ. ಇದನ್ನೇ ಒಂದು ಕಾರ್ಡಿನಲ್ಲಿ ಬರೆದು ಪರ್ಸಿನಲ್ಲಿಡಿ. ಚೆಕ್‌ಪೋಸ್ಟ್‌ನಲ್ಲಿ ಪೊಲೀಸರು ಊದಿ ಅಂದರೆ ಧಾರಾಳವಾಗಿ ಊದಿ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಹೆಸರೂ ಇದೆ, ಅದರ ಗುರುತಿನ ಚೀಟಿಗೆ ಅರ್ಜಿ ಹಾಕಿದ್ದೀರಾ?

ಮನೆಯವರಿಗೂ ಒಂದು ಮಾತು, ಇದನ್ನು ಅವರಿಗೆ ತೋರಿಸಿ. ಮನೆಯವರೇ, ತೊದಲುವವರ ವಾಕ್ಯವನ್ನು ನೀವು ಮುಗಿಸಬೇಡಿ. ಅರ್ಥ ಆಗದೆ ಹೂಂ ಹೂಂ ಅನ್ನಬೇಡಿ, ಅದು ಗೊತ್ತಾಗುತ್ತದೆ. ಎಲ್ಲವನ್ನೂ ಮತ್ತೆ ಹೇಳಿಸುವ ಬದಲು ‘ವ್ಯಾಪಾರಿ ಅಂದಿರಿ, ಆಮೇಲೆ?’ ಅಂತ ಬಿಟ್ಟುಹೋದಷ್ಟನ್ನು ಮಾತ್ರ ಕೇಳಿ. ಟಿವಿ ಆರಿಸಿ. ಬೇರೆಯವರೆದುರು ಅವರ ಬದಲು ನೀವು ಉತ್ತರ ಕೊಡುವುದಂತೂ ಬೇಡವೇ ಬೇಡ. ಕಿವಿ ಕೇಳಿಸಲ್ವೇನೋ ಅನ್ನುವ ಹಾಗೆ ಕೂಗಿ ಮಾತಾಡುವವರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ.

ಮದುವೆಗೆ ಬರೋಣ. ಹಿಂದಿನ ದಿನ ಚಪ್ಪರದ ಕೆಲಸ ಅಂತ ಓಡಾಡಬೇಡಿ, ಮಧ್ಯಾಹ್ನ ಒಂದು ಗಂಟೆ ಮಲಗಿ. ಮದುವೆ ದಿನ ಬೆಳಿಗ್ಗೆಯೇ ಹೋಗಿ, ನೆಂಟರ ಹತ್ತಿರ ಮಾತಾಡುವುದನ್ನೆಲ್ಲ ಊಟಕ್ಕೆ ಮುಂಚೆ ಮುಗಿಸಿ. ವಾಲಗದವರಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ, ಒಬ್ಬೊಬ್ಬರಾಗಿ ಬಂದು ಮಾತಾಡಿಸಲಿ. ಅಣ್ಣನಿಗೆ ಈಗಲೇ ಫೋನ್ ಮಾಡಿ, ಬೆಳಿಗ್ಗೆ ಹೊತ್ತು, ಕಾಯಿಲೆಯ ವಿಷಯ ನಾಲ್ಕು ಜನಕ್ಕೆ ಅವರೇ ಹೇಳಿಟ್ಟಿರಲಿ. ಸಂಜೆ ಗ್ಲಾಸು ಹಿಡಿದವರು ಬಂದು ‘ಏನು, ನಮಗಿಂತ ಮುಂಚೆಯೇ ಶುರು ಮಾಡಿದ್ದೀಯ?’ ಅಂದರೆ ಕಾರ್ಡು ತೋರಿಸಿ. ಆ ಹೊತ್ತಿಗೆ ಅವರಿಗೆ ಓದಲು ಬಂದರೆ ಓದಿಕೊಳ್ಳಲಿ.