ರಗ್ಬಿ ಆಡುವವಳಿಗೆ ಸಂಬಳ ಕೊಡುವವರು ಯಾರು?

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಮಗಳನ್ನು ಕರೆತರುವ ಪಾಲಕರು ಯಾವ ಆಟವಾದರೂ ಮೊದಲು ಕೇಳುವುದು ಒಂದೇ: ಮುಂದೆ ನೌಕರಿ ಸಿಗುತ್ತದೆಯೇ? ಕಬಡ್ಡಿಯಾದರೆ ರೈಲ್ವೆ ತಂಡವನ್ನು ತೋರಿಸಬಹುದು. ಮಹಿಳಾ ರಗ್ಬಿಯಾದರೆ ಯಾವ ದೇಶ, ಯಾವ ವರ್ಷ, ಹದಿನೈದು ಮಂದಿಯ ಆಟವೋ ಏಳು ಮಂದಿಯದೋ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಯಿಂದ ನೂರು ವರ್ಷ ಹೆಣ್ಣುಮಕ್ಕಳು ಅಲ್ಲಲ್ಲಿ ಆಡಿದರು, ಅಷ್ಟೇ. 1991ರಲ್ಲಿ ವೇಲ್ಸ್‌ನಲ್ಲಿ ಮಹಿಳಾ ರಗ್ಬಿಯ ಮೊದಲ ವಿಶ್ವಕಪ್ ನಡೆಯಿತು. ಅದನ್ನು ಏರ್ಪಡಿಸಿದವರು ಲಂಡನ್ನಿನ ರಿಚ್ಮಂಡ್ ಕ್ಲಬ್ಬಿನ ನಾಲ್ವರು ಮಹಿಳೆಯರು. ಅಂತರರಾಷ್ಟ್ರೀಯ ರಗ್ಬಿ ಮಂಡಳಿಯ ಮನ್ನಣೆ ಇರಲಿಲ್ಲ. ಕೈಯಲ್ಲಿ ಹಣವಿಲ್ಲದೆ ಬಂದಿಳಿದ ಸೋವಿಯತ್ ಆಟಗಾರ್ತಿಯರು ತಂದಿದ್ದ ವೋಡ್ಕಾ, ಕ್ಯಾವಿಯರ್ ಮಾರಿ ಖರ್ಚು ನೀಗಿಸಿಕೊಂಡರು. ಅವರು ದೇಶಕ್ಕಾಗಿಯೇ ಆಡಲು ಬಂದವರು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕಾರ್ಡಿಫ್‌ನ ಫೈನಲ್‌ನಲ್ಲಿ ಅಮೆರಿಕ 19–6ರಿಂದ ಇಂಗ್ಲೆಂಡನ್ನು ಸೋಲಿಸಿತು. ಆ ನಾಲ್ವರಲ್ಲಿ ಒಬ್ಬರಾದ ಸ್ಯೂ ಡಾರಿಂಗ್ಟನ್ ಅದೇ ಫೈನಲ್‌ನಲ್ಲಿ ಇಂಗ್ಲೆಂಡ್ ಪರ ಆಡಿದ್ದರು. ಇನ್ನೊಬ್ಬರು ಡೆಬೊರಾ ಗ್ರಿಫಿನ್, 2025ರಲ್ಲಿ ಇಂಗ್ಲೆಂಡ್ ರಗ್ಬಿ ಒಕ್ಕೂಟದ ಮೊದಲ ಮಹಿಳಾ ಅಧ್ಯಕ್ಷರಾದರು.

ಪೂರ್ಣಾವಧಿ ಸಂಬಳ ಬರಲು ಬಹಳ ಕಾಲ ಹಿಡಿಯಿತು. 2019ರಲ್ಲಿ ಇಂಗ್ಲೆಂಡ್ 28 ಆಟಗಾರ್ತಿಯರೊಂದಿಗೆ ಒಪ್ಪಂದ ಮಾಡಿಕೊಂಡಿತು. 2025ರ ಮಹಿಳಾ ವಿಶ್ವಕಪ್ ಫೈನಲ್ ನೋಡಲು ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ 81,885 ಮಂದಿ ಸೇರಿದ್ದರು. ಅಲ್ಲಿ ಸೋತ ಕೆನಡಾ ತಂಡದ ತಯಾರಿಗೆ ಸಾರ್ವಜನಿಕರಿಂದ ದೇಣಿಗೆ ಎತ್ತಬೇಕಾಗಿತ್ತು.

ಭಾರತದ ಮಹಿಳೆಯರು ಹದಿನೈದರ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2018ರಲ್ಲಿ. ಮರುವರ್ಷ ಮನಿಲಾದಲ್ಲಿ ಒಡಿಶಾದ ಸುಮಿತ್ರಾ ನಾಯಕ್ ಕೊನೆಯ ಗಳಿಗೆಯಲ್ಲಿ ಒದ್ದ ಪೆನಾಲ್ಟಿಯಿಂದ ಸಿಂಗಪುರದ ವಿರುದ್ಧ 21–19ರ ಮೊದಲ ಗೆಲುವು ದಕ್ಕಿತು. ಆದರೂ ಒಲಿಂಪಿಕ್ಸ್‌, ಏಷ್ಯನ್ ಕ್ರೀಡಾಕೂಟಗಳಲ್ಲಿ ಇರುವುದು ಏಳರ ಆಟ.

2020ರಲ್ಲಿ ಕೇಂದ್ರ ಸರ್ಕಾರಿ ನೌಕರಿಯ ಕ್ರೀಡಾ ಕೋಟಾ ಪಟ್ಟಿಗೆ ರಗ್ಬಿಯೂ ಸೇರಿತು. ಹಾಗಾಗಿ ಪಾಲಕರಿಗೆ ‘ಸಿಗಬಹುದು’ ಎನ್ನಬಹುದು. ಆದರೆ ಕೋಟಾ ಹುಡುಗಿಯನ್ನು ಹುಡುಕಿಕೊಂಡು ಬರುವುದಿಲ್ಲ. ಅವಳು ಮೊದಲು ರಾಜ್ಯ ಅಥವಾ ವಿಶ್ವವಿದ್ಯಾಲಯದಂಥ ತಂಡ ಸೇರಬೇಕು. ಎದುರಾಳಿಯ ಸೊಂಟಕ್ಕೆ ಕೈಹಾಕಿ ಕೆಡವಲು ಕಬಡ್ಡಿಯಲ್ಲೇ ಕಲಿತ ನಮ್ಮ ಹುಡುಗಿಯರಿಗೆ ರಗ್ಬಿಯ ಟ್ಯಾಕಲ್ (ಚೆಂಡು ಹಿಡಿದು ಓಡುವವಳನ್ನು ನೆಲಕ್ಕೆ ಕೆಡವುವುದು) ಅರ್ಧ ಬಂದಂತೆಯೇ. ಉಳಿದರ್ಧ ಕಲಿಯಲು ಸಾವಿರ ಸಲ ಬೀಳಬೇಕು. ಏಪ್ರಿಲ್‌ನಲ್ಲಿ ಬಾಯಿಬಿಟ್ಟ ಎರೆನೆಲದ ಮೇಲೆ ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಜಿಲ್ಲೆಗೆ ಒಂದಾದರೂ ಹುಲ್ಲಿನ ಅಂಗಳವನ್ನು, ಬಿಸಿಲಿಳಿದ ಮೇಲೆ ಹುಡುಗಿಯರಿಗೆಂದೇ ಬಿಟ್ಟುಕೊಡಬೇಕು.