ಸ್ಕ್ವೇರ್ ಫೂಟ್ ರೇಟ್ ಕೇಳುವ ಮುಂಚೆ ಇಂಚು ಕೇಳಿ

ಕಾರ್ ಶೆಡ್ಡಿಗೆ ಕಾಂಕ್ರೀಟ್ ನೆಲ ಹಾಕಿಸಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ಒಂದೇ. "ಸರ್, ಸ್ಕ್ವೇರ್ ಫೂಟಿಗೆ ಎಷ್ಟು?" ಎಷ್ಟು ದಪ್ಪ ಬೇಕು ಅಂತ ಕೇಳಿದರೆ, "ಅದೆಲ್ಲಾ ನಿಮಗ ಬಿಟ್ಟಿದ್ದು, ರೇಟ್ ಅಷ್ಟು ಹೇಳ್ರಿ" ಅನ್ನುತ್ತಾರೆ. ದಪ್ಪ ಕೇಳದೆ ರೇಟ್ ಹೇಳುವವನು ಒಂದೋ ಮೊದಲೇ ಜಾಸ್ತಿ ಹೇಳಿರುತ್ತಾನೆ, ಇಲ್ಲಾ ಆಮೇಲೆ ದಪ್ಪದಲ್ಲಿ ಉಳಿಸಿಕೊಳ್ಳುತ್ತಾನೆ.

20 ಅಡಿಗೆ 15 ಅಡಿ ಶೆಡ್ ಅಂತ ಇಟ್ಟುಕೊಳ್ಳಿ. 300 ಚದರ ಅಡಿ. 4 ಇಂಚು ದಪ್ಪ ಹಾಕಿದರೆ 100 ಘನ ಅಡಿ ಕಾಂಕ್ರೀಟ್, ಅಂದರೆ ಒಂದು ಬ್ರಾಸ್. 1:1½:3 ಮಿಕ್ಸ್ (ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ) ಆದರೆ ಸುಮಾರು 23 ಚೀಲ ಸಿಮೆಂಟ್, 42 ಘನ ಅಡಿ ಮರಳು, 84 ಘನ ಅಡಿ ಜಲ್ಲಿ. ಪೋಲಾಗುವುದಕ್ಕೆ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ನಾನು ರೂಪಾಯಿ ಹೇಳುತ್ತಿಲ್ಲ, ಯಾಕೆಂದರೆ ಮರಳಿನ ರೇಟ್ ಇವತ್ತು ಇದ್ದಂತೆ ಮುಂದಿನ ವಾರ ಇರುವುದಿಲ್ಲ. ನಿಮ್ಮೂರ ಅಂಗಡಿಯಲ್ಲಿ ಕೇಳಿ ನೀವೇ ಗುಣಿಸಿ.

ಈಗ ಇಂಚಿನ ವಿಷಯ. ಈ ಶೆಡ್ಡಿನಲ್ಲಿ ಒಂದು ಇಂಚು ಅಂದರೆ 25 ಘನ ಅಡಿ, ಹೆಚ್ಚುಕಡಿಮೆ 6 ಚೀಲ ಸಿಮೆಂಟ್. ಒಬ್ಬ 3 ಇಂಚಿಗೆ ರೇಟ್ ಹೇಳಿರುತ್ತಾನೆ, ಇನ್ನೊಬ್ಬ 5 ಇಂಚಿಗೆ. ಒಬ್ಬನದು 75 ಘನ ಅಡಿ, ಇನ್ನೊಬ್ಬನದು 125. ಎರಡೂ ಚೀಟಿಯಲ್ಲಿ 300 ಸ್ಕ್ವೇರ್ ಫೂಟ್ ಅಂತಲೇ ಇರುತ್ತದೆ, ನೀವು ಎರಡನ್ನೂ ಪಕ್ಕಪಕ್ಕ ಇಟ್ಟು "ಇವನು ಅಗ್ಗ" ಅನ್ನುತ್ತೀರಿ! ಸಾಮಾನು ನಿಮ್ಮದೇ, ಅವನದು ಕೂಲಿ ಮಾತ್ರ ಆಗಿದ್ದರೆ ಇದು ಉಲ್ಟಾ ಹೊಡೆಯುತ್ತದೆ, ದಪ್ಪ ಹೆಚ್ಚಾದಷ್ಟೂ ಖರ್ಚು ನಿಮ್ಮದು. ಕಾಂಕ್ರೀಟಿನ ಕೆಳಗೆ ಹಾಸುವ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಸಮ ಇಲ್ಲದೆ ಸರಾಸರಿ ಒಂದು ಇಂಚು ತಗ್ಗಾಗಿದ್ದರೆ, ಆ 6 ಚೀಲ ಸುಮ್ನೆ ತಗ್ಗಿಗೆ ಹೋಯಿತು. ನೀರು ಹೊರಗೆ ಹರಿಯಲು ಬಿಡುವ ಇಳಿಜಾರನ್ನೂ ಗರಸಿನಲ್ಲೇ ಮಾಡಿಸಿ, ಕಾಂಕ್ರೀಟಿನಲ್ಲಿ ಮಾಡಿಸಬೇಡಿ. ಹಾಕುವ ಮುಂಚೆ ಎರಡು ಕಡೆಯಿಂದ ದಾರ ಎಳೆದು ನಡುವೆ ಟೇಪ್ ಇಟ್ಟು ನೋಡಿ. ಅಂಚಿನಲ್ಲಿ ನೋಡಿದರೆ ಉಪಯೋಗವಿಲ್ಲ, ಅಂಚಿನಲ್ಲಿ ಎಲ್ಲರದೂ 4 ಇಂಚು ಇರುತ್ತದೆ.

ಇನ್ನು ಮಣ್ಣು. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ಇದ್ದವರು ಪುಣ್ಯವಂತರು. ಸಿಂಧನೂರು, ಸಿರುಗುಪ್ಪ ಕಡೆಯ ಎರೆಮಣ್ಣು (ಕಪ್ಪು ಮಣ್ಣು) ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ನೆಲ ನಿಲ್ಲುವುದಿಲ್ಲ. ಒಂದೂವರೆ ಅಡಿ ಎರೆ ತೆಗೆದು ಗರಸು ತುಂಬಿದರೆ ನಮ್ಮ ಶೆಡ್ಡಿಗೆ 450 ಘನ ಅಡಿ ಬೇಕು, ರೋಲರ್ ಹೊಡೆದಾಗ ಕುಸಿಯುವುದು ಬೇರೆ. ನೋಡಿ, ಮೇಲೆ ಒಂದು ಬ್ರಾಸ್, ಕೆಳಗೆ ನಾಲ್ಕೂವರೆ. ಸ್ಕ್ವೇರ್ ಫೂಟ್ ರೇಟಿನಲ್ಲಿ ಇದು ಎಲ್ಲಿದೆ? ಎಷ್ಟು ಆಳ ತೆಗೆಯಬೇಕು ಅನ್ನುವುದನ್ನು ಗುಂಡಿ ತೋಡಿಸಿ ನೋಡಿಯೇ ಹೇಳಬೇಕು, ಫೋನಿನಲ್ಲಿ ನಾನು ಹೇಳುವುದಿಲ್ಲ. ಗರಸಿನ ಬದಲು ಮರಳು ತುಂಬಿಸುವವರಿದ್ದಾರೆ. ಎರೆ ಮೇಲೆ ಅದು ಬೇಡ, ಮರಳಿನಲ್ಲಿ ನೀರು ಇಳಿದು ಕೆಳಗೇ ನಿಂತು ಎರೆಯನ್ನು ಇನ್ನೂ ಉಬ್ಬಿಸುತ್ತದೆ.

ಸಿಂಧನೂರಿನ ರೈತರೊಬ್ಬರು, ಬಹಳ ಒಳ್ಳೆಯ ಮನುಷ್ಯ, ಗರಸಿಗೆ ದುಡ್ಡು ಯಾಕೆ ಹಾಕಬೇಕು, ಆ ದುಡ್ಡಿಗೆ ಕಬ್ಬಿಣ ಹಾಕಿಸಿದರೆ ಬಿರುಕೇ ಬರುವುದಿಲ್ಲ ಅಂತ ಚಹಾ ಕುಡಿಸುತ್ತಾ ನನಗೇ ಪಾಠ ಹೇಳಿದರು. 8 ಎಂಎಂ ಸರಳು 8 ಇಂಚಿಗೊಂದರಂತೆ ಎರಡೂ ಕಡೆ ಕಟ್ಟಿದರೆ ಈ ಅಳತೆಗೆ ಸುಮಾರು 110 ಕೆಜಿ ಬೇಕು. ಕಟ್ಟಿಸಿದರು. ಒಂದು ಮಳೆಗಾಲಕ್ಕೆ ನೆಲ ಕಬ್ಬಿಣದ ಸಮೇತ ಎದ್ದಿತು, ಶೆಡ್ಡಿನ ಬಾಗಿಲು ಮುಚ್ಚಲು ಬರಲಿಲ್ಲ. ಈಗಲೂ ಸಿಕ್ಕಾಗ ಚಹಾ ಕುಡಿಸುತ್ತಾರೆ, ಗರಸಿನ ಮಾತು ಮಾತ್ರ ಎತ್ತುವುದಿಲ್ಲ. ಬಳ್ಳಾರಿಯವರದು ಇನ್ನೊಂದು ವಾದ, ನಮ್ಮ ಪಕ್ಕದ ತೋರಣಗಲ್ಲಿನಲ್ಲೇ ಸ್ಟೀಲ್ ಆಗುತ್ತದೆ, ನಮಗೆ ಅಗ್ಗ ಸಿಗಬೇಕಲ್ವಾ ಅಂತ. ಸಿಗುವುದಿಲ್ಲ.

ಏಪ್ರಿಲ್, ಮೇನಲ್ಲಿ ಹಾಕಿಸುವುದಾದರೆ ನೀರಿನ ಟ್ಯಾಂಕರ್ ಖರ್ಚನ್ನೂ ಬರೆದುಕೊಳ್ಳಿ. ನಮ್ಮ ಬಿಸಿಲಿಗೆ ಕನಿಷ್ಠ 10 ದಿನ ನೆಲ ಒದ್ದೆ ಇರಬೇಕು, ಗೋಣಿಚೀಲ ಹಾಸಿದರೆ ನೀರು ಉಳಿಯುತ್ತದೆ.

ಮತ್ತೆ, ಇದೆಲ್ಲ ಕಾರಿನ ಲೆಕ್ಕ. ಭತ್ತ ತುಂಬಿದ ಟ್ರ್ಯಾಲಿ ಒಳಗೆ ಬರುವುದಿದ್ದರೆ 4 ಇಂಚು ಸಾಲದು, ಅದನ್ನು ಗೌಂಡಿ ಬರುವ ಮುಂಚೆಯೇ ಹೇಳಿ.